ಗೋಲಿನಲ್ಲಿ ನಿಂತವಳು

ದುಡ್ಡು ಕಟ್ಟಿ ಬಂದ ಮಕ್ಕಳಲ್ಲಿ ಗೋಲಿನಲ್ಲಿ ನಿಲ್ಲಲು ಯಾರೂ ತಯಾರಿರಲಿಲ್ಲ. ಎಲ್ಲರಿಗೂ ಹೊಡೆಯಬೇಕಿತ್ತು. ಹಿಡಿಯುವುದು ಯಾರಿಗೂ ಬೇಕಿರಲಿಲ್ಲ. ಮಗಳು ಗೋಲು ಹೊಡೆದರೆ ಫೋಟೊ ಬರುತ್ತದೆ, ತಡೆದರೆ ಮೈಗೆ ಮಣ್ಣು ಬರುತ್ತದೆ. ಮಣ್ಣಿಗೆ ಯಾವ ತಂದೆ ದುಡ್ಡು ಕಟ್ಟುತ್ತಾನೆ? ಹಾಗಾಗಿ ಮಣ್ಣಿನ ಪಾಲಿಗೆ ನನ್ನ ಮಗಳು ಬಂದಳು.

ನಾನು ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವವಳು. ರಜೆ ಬಂತೆಂದರೆ ಕಾಲೇಜಿನ ಹುಡುಗಿಯರು ಮನೆಗೆ ಹೋಗುತ್ತಾರೆ, ಅದೇ ಕೋಣೆಗಳಿಗೆ ಶಿಬಿರದ ಹುಡುಗಿಯರು ಬರುತ್ತಾರೆ. ಫುಟ್‌ಬಾಲ್ ಶಿಬಿರ. ಕಲಿಸುವವರು ಕಾಲೇಜಿನ ಕೋಚ್‌ಗಳೇ. 'ಅನುಭವಿ ತರಬೇತುದಾರರಿಂದ' ಎಂದು ಬರೆದ ದೊಡ್ಡ ಬಟ್ಟೆಯನ್ನು ಗೇಟಿಗೆ ಕಟ್ಟುತ್ತಾರೆ. ಅದನ್ನೂ ನಾನೇ ಒಗೆಯಬೇಕು. ಪ್ರತಿ ವರ್ಷ ಅನುಭವದ ಮೇಲೆ ಕಾಗೆ ಕೂತು ಹೋಗಿರುತ್ತದೆ.

ಬೆಳಿಗ್ಗೆ ಎದ್ದು ಗೋಲಿನ ಬಲೆ ಕಟ್ಟುವುದು, ಸಂಜೆ ಬಿಚ್ಚಿ ಒಳಗಿಡುವುದು ಸಹ ನನ್ನ ತಲೆಗೇ. ರಾತ್ರಿ ಬಿಟ್ಟರೆ ಕದಿಯುತ್ತಾರಂತೆ. ಬಲೆ ಆದಮೇಲೆ ಬಟ್ಟೆ. ಬೆವರಿನ ಶರ್ಟು, ಕೆಸರಿನ ಚಡ್ಡಿ, ಕಾಲುಚೀಲ. ಕಾಲುಚೀಲದ ಮಾತು ಬೇಡ. ಬಿಸಿನೀರಿಗೆ ಸೋಡಾ, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತಿಕ್ಕಿ ನನ್ನ ಬೆರಳ ತುದಿ ಸವೆದು ಹೋಗಿದೆ. ಆಫೀಸಿನಲ್ಲಿ ಹಾಜರಿಗೆ ಬೆರಳು ಒತ್ತುವ ಯಂತ್ರ ಇಟ್ಟಿದ್ದಾರೆ. ಅದು ನನ್ನನ್ನು ಗುರುತಿಸುವುದಿಲ್ಲ. ಇನ್ನೊಮ್ಮೆ ಒತ್ತು, ಇನ್ನೊಮ್ಮೆ ಒತ್ತು ಎನ್ನುತ್ತಾನೆ ಗುಮಾಸ್ತ, ನಾನೇ ಬೆರಳು ಬಚ್ಚಿಟ್ಟುಕೊಂಡವಳ ಹಾಗೆ.

ಮಗಳ ಕೈ ಇನ್ನೂ ನೆಟ್ಟಗಿತ್ತು. ಶಾಲೆ ಮುಗಿದಿತ್ತು. ಮುಂದೆ ಓದಿಸುವ ಶಕ್ತಿ ನನಗಿರಲಿಲ್ಲ. ರಜೆ ಕಳೆದರೆ ಅವಳೂ ನನ್ನ ಪಕ್ಕದ ಕಲ್ಲಿಗೆ ಬರಬೇಕಿತ್ತು. ಆ ಕಲ್ಲಿಗೆ ಅವಳನ್ನು ಹಾಕಬಾರದು. ಇದೊಂದೇ ನನ್ನ ಹಟ.

ಶಿಬಿರದ ಮೊದಲ ದಿನ ದೊಡ್ಡ ಕೋಚ್ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಗೋಲಿಗೆ ಯಾರು ಬರುತ್ತೀರಿ ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಅಷ್ಟರಲ್ಲಿ ಒಬ್ಬಳು ಒದ್ದ ಚೆಂಡು ಬೇಲಿ ಹಾರಿ ಬಟ್ಟೆ ಒಣಗಿಸುವ ಅಂಗಳಕ್ಕೆ ಬಂತು. ಮಗಳ ಒಂದು ಕೈಯಲ್ಲಿ ಒದ್ದೆ ಶರ್ಟು ಇತ್ತು. ಇನ್ನೊಂದು ಕೈಯಲ್ಲಿ ಚೆಂಡು ಹಿಡಿದಳು. ಒಗೆದ ಬಟ್ಟೆಗೆ ಕೊಳೆ ಆಗಬಾರದು ಎಂದು ಹಿಡಿದದ್ದು, ಬೇರೇನಲ್ಲ.

"ಏ ಹುಡುಗಿ, ಬಾ ಇಲ್ಲಿ" ಎಂದರು ದೊಡ್ಡ ಕೋಚ್.

ನಾನು ಹಿಂದೆಯೇ ಓಡಿದೆ. ಏನೋ ತಪ್ಪಾಯಿತು ಎಂದುಕೊಂಡಿದ್ದೆ.

"ನಿನ್ನ ಮಗಳೇನಮ್ಮ? ಶಿಬಿರ ಮುಗಿಯೋವರೆಗೂ ಗೋಲಲ್ಲಿ ನಿಲ್ಲಲಿ. ಕೊನೇ ದಿನ ಕಾಲೇಜಿನ ಜೂನಿಯರ್ ಟೀಮಿಗೆ ಆಯ್ಕೆ ಇದೆ. ಆಯ್ಕೆ ಆದವರಿಗೆ ಓದು, ಹಾಸ್ಟೆಲು, ಊಟ ಎಲ್ಲಾ ಫ್ರೀ. ಕೀಪರ್ ಜಾಗ ಖಾಲಿ ಇದೆ. ನೋಡ್ತೀನಿ."

ನೋಡ್ತೀನಿ. ದೊಡ್ಡವರ ಬಾಯಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಮೂಗಿಗೆ ತುಪ್ಪ ಸವರುವ ಮಾತು. ವಾಸನೆ ಬರುತ್ತದೆ, ನಾಲಿಗೆಗೆ ಎಟುಕುವುದಿಲ್ಲ. ಗೊತ್ತಿದ್ದೂ ತಲೆಯಾಡಿಸಿದೆ. ತುಪ್ಪದ ವಾಸನೆ ಅಂಥದ್ದು.

ಅಂದಿನಿಂದ ಅವಳು ಗೋಡೆಯಾದಳು. ಸಣ್ಣ ಕೋಚ್ ಇಟ್ಟ ಹೆಸರು ಅದು. "ಗೋಡೆ, ಎಡಕ್ಕೆ ಸರಿ." "ಗೋಡೆ, ಚೆಂಡು ಎತ್ಕೊಂಡು ಬಾ." ಮಕ್ಕಳೂ ಹಾಗೇ ಕರೆದರು. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಗೋಡೆಗೆ ಯಾರಾದರೂ ಆಟ ಕಲಿಸುತ್ತಾರೆಯೇ? ಗೋಡೆಯ ಮೇಲೆ ಆಡುತ್ತಾರೆ.

ಹಾಗೇ ಆಯಿತು. ಇಬ್ಬರು ಕೋಚ್‌ಗಳೂ ಹೊಡೆಯುವವರ ಬೆನ್ನ ಹಿಂದೆಯೇ ನಿಲ್ಲುತ್ತಿದ್ದರು. "ಅವಳ ಮೊಣಕಾಲು ನೋಡ್ಕೋ. ಯಾವ ಕಡೆ ವಾಲ್ತಾಳೋ ಅದರ ಎದುರು ಕಡೆ ಹೊಡಿ." ಎಲ್ಲ ಪಾಠವೂ ಹೊಡೆಯುವವರಿಗೆ. ಹಿಡಿಯುವವಳಿಗೆ ಒಂದು ಮಾತಿಲ್ಲ. ಬಿದ್ದರೆ ಹೇಗೆ ಬೀಳಬೇಕು ಎಂದೂ ಹೇಳಿಕೊಡಲಿಲ್ಲ. ಅವಳು ಬಿದ್ದು ಬಿದ್ದು ಕಲಿತಳು. ಎಡ ಸೊಂಟ ನೀಲಿಗಟ್ಟಿತು. ಮೊಣಕೈ ಚರ್ಮ ಕಿತ್ತು, ಒಣಗಿ, ಮತ್ತೆ ಕಿತ್ತು ಬಂತು. ಮಲಗಿದರೆ ಒಂದೇ ಮಗ್ಗುಲು.

ನೀರು ಕುಡಿಯಲು ಸೀಟಿ ಊದಿದಾಗ ಮಕ್ಕಳು ನೆರಳಿಗೆ ಹೋಗುತ್ತಿದ್ದರು. ಅವಳು ಗೋಲಿನ ಹಿಂದೆ ಹೋಗಿ ಪೊದೆಯಲ್ಲಿ ಬಿದ್ದ ಚೆಂಡು ಹೆಕ್ಕಬೇಕಿತ್ತು. ಹೆಕ್ಕಿ ಮುಗಿಯುವಷ್ಟರಲ್ಲಿ ಮತ್ತೆ ಸೀಟಿ. ಶಿಬಿರದ ಮಕ್ಕಳಿಗೆ ಹೊಸ ಶರ್ಟು, ಬೆನ್ನ ಮೇಲೆ ನಂಬರು. ಇವಳಿಗೆ ಯಾವುದೋ ಹಳೆಯ ಶಿಬಿರದಲ್ಲಿ ಮಿಕ್ಕ ಶರ್ಟು. ಕೈಗವಸು ಕೊಟ್ಟರು, ಅದರ ಹೆಬ್ಬೆರಳು ಹರಿದಿತ್ತು. ಹಾಸಿಗೆ ಹೊಲಿಯುವ ದಾರದಲ್ಲಿ ನಾನೇ ಹೊಲಿದೆ. ಊಟ ಅಡಿಗೆಮನೆ ಹಿಂದಿನ ಕಟ್ಟೆಯಲ್ಲಿ, ನನ್ನ ಜೊತೆ. ಅಡಿಗೆಯಕ್ಕ ಒಂದು ಮೊಟ್ಟೆ ಕದ್ದು ಅವಳ ತಟ್ಟೆಗೆ ಹಾಕುತ್ತಿದ್ದಳು. "ಚೆಂಡು ಹಿಡಿಯೋಳಿಗೆ ಮೊಟ್ಟೆ ಬೇಡ್ವಾ? ತಿನ್ನೇ, ಉರುಳೋ ವಸ್ತು ಎಲ್ಲಾ ನಿಂದೇ" ಎನ್ನುತ್ತಿದ್ದಳು.

ಶಿಬಿರದಲ್ಲಿ ಒಬ್ಬ ಗುತ್ತಿಗೆದಾರರ ಮಗಳಿದ್ದಳು. ಒಂದು ದಿನ ಅವಳು ಹತ್ತಿರದಿಂದ ಹೊಡೆದ ಚೆಂಡು ಇವಳ ಮುಖಕ್ಕೇ ಬಡಿಯಿತು. ಮೂಗಿನಿಂದ ರಕ್ತ ಸುರಿಯಿತು. ನಾನು ಬೇಲಿಯ ಈಚೆಯಿಂದ ನೋಡಿದೆ. ದೊಡ್ಡ ಕೋಚ್ ಓಡಿ ಬಂದರು. ಬಂದು ಗುತ್ತಿಗೆದಾರರ ಮಗಳ ಭುಜ ತಟ್ಟಿದರು.

"ಶಕ್ತಿ ಚೆನ್ನಾಗಿದೆ. ಗುರಿ ಮಾತ್ರ ಸರಿ ಮಾಡ್ಕೋ."

ರಕ್ತ ತಣ್ಣೀರಿನಲ್ಲಿ ಬೇಗ ಹೋಗುತ್ತದೆ. ಶರ್ಟು ಅದ್ದಿದೆ, ನೀರು ಕೆಂಪಾಯಿತು, ಚೆಲ್ಲಿದೆ. ಸಿಟ್ಟನ್ನು ಚೆಲ್ಲಲು ಜಾಗವಿರಲಿಲ್ಲ. ಅವಳು ಮೂಗಿಗೆ ಬಟ್ಟೆ ತುರುಕಿಕೊಂಡು ಮತ್ತೆ ಹೋಗಿ ನಿಂತಿದ್ದಳು.

ಆದರೂ ಒಂದು ಮಾತು ಹೇಳಲೇಬೇಕು. ಅವಳಿಗೆ ಅದು ಇಷ್ಟವಾಗಿತ್ತು. ದಿನ ಕಳೆದಂತೆ ಒಳಗೆ ಹೋಗುವ ಚೆಂಡು ಕಮ್ಮಿಯಾಯಿತು. ಕುದುರೆಬಾಲದ ಹಾಗೆ ಕೂದಲು ಕಟ್ಟುವ ಒಬ್ಬ ಹುಡುಗಿಯಿದ್ದಳು, ಶಿಬಿರದಲ್ಲೆಲ್ಲ ಜೋರು ಅವಳೇ. ಅವಳು ಹೊಡೆಯುವುದು, ಇವಳು ಹಿಡಿಯುವುದು. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡುವುದು. ಸಂಜೆ ಮಗಳು ಕಾಲುಚೀಲ ಹಿಂಡುತ್ತ ಹೇಳುತ್ತಿದ್ದಳು: "ಇವತ್ತು ಕುದುರೆಬಾಲ ಅತ್ತೇಬಿಟ್ಲಮ್ಮ. ಒಂದೂ ಬಿಡ್ಲಿಲ್ಲ ನಾನು." ಅವಳ ಮುಖದಲ್ಲಿ ಅಂಥ ಹೊಳಪು ನಾನು ನೋಡಿರಲಿಲ್ಲ.

ಶಿಬಿರ ಮುಗಿಯುವ ಹಿಂದಿನ ದಿನ, ಬಿಸಿಲು ಇಳಿಯುವ ಹೊತ್ತಿಗೆ ಸಣ್ಣ ಕೋಚ್ ಒಗೆಯುವ ಜಾಗಕ್ಕೆ ಬಂದ. ಅಲ್ಲಿಗೆ ಅವನು ಬಂದವನೇ ಅಲ್ಲ. ನೀರು ನಿಂತ ಕಡೆ ಬೂಟು ಇಡದೆ ಇಟ್ಟಿಗೆಯ ಮೇಲೆ ನಿಂತ.

"ಅಮ್ಮಾ, ನಾಳೆ ಮಕ್ಕಳ ತಂದೆತಾಯಿ ಎಲ್ಲಾ ಬರ್ತಾರೆ. ಮಕ್ಕಳು ಗೋಲು ಹೊಡೆಯೋದನ್ನ ಅವರಿಗೆ ತೋರಿಸ್ತೀವಿ. ಪ್ರತಿಯೊಬ್ಬರದೂ ಒಂದೆರಡಾದರೂ ಒಳಗೆ ಹೋಗಬೇಕು. ನಿಮ್ಮ ಮಗಳು ಎಲ್ಲಾ ಹಿಡಿದುಬಿಟ್ರೆ ನಾವೇನು ಕಲಿಸಿದೀವಿ ಅಂತಾರೆ ಅವರು. ಸ್ವಲ್ಪ ಬಿಡೋಕೆ ಹೇಳಿ. ಬೇಕಂತ ಬಿಟ್ಟ ಹಾಗೆ ಕಾಣಬಾರದು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಆಯ್ಕೆ ಕತೆ ಏನು ಸರ್?" ಎಂದೆ.

"ಅದಕ್ಕೂ ಇದಕ್ಕೂ ಏನು ಸಂಬಂಧ? ಅವಳು ಎಂಥಾ ಕೀಪರ್ ಅಂತ ದೊಡ್ಡ ಸರ್ ದಿನಾ ನೋಡಿದಾರೆ. ನಾಳೇದು ಬರೀ ತೋರಿಕೆ. ಅವರೇ ಹೇಳಿ ಕಳಿಸಿದ್ದು. ಅವರ ಮಾತು ಕೇಳಿದ್ರೆ ನಿಮಗೇ ಒಳ್ಳೇದು."

ಮಗಳು ಕೇಳಿಸಿಕೊಂಡಿದ್ದಳು. "ಬಿಡೋದಾ? ಹೇಗಮ್ಮ ಬಿಡೋದು?" ಎಂದಳು. ಮೊಂಡುತನದ ಮಾತಲ್ಲ. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ.

"ಚೆಂಡು ಬರುತ್ತೆ, ಹಿಡೀಬೇಡ. ಅದರಲ್ಲೇನಿದೆ?"

"ಸುಮ್ನೆ ನಿಂತ್ರೆ ಗೊತ್ತಾಗಲ್ವಾ? ಬೀಳ್ಬೇಕು. ಬಿದ್ರೆ ಕೈ ಹೋಗುತ್ತೆ. ಕೈ ಹೋದ್ರೆ ಚೆಂಡು ಸಿಗುತ್ತೆ."

"ಸರಿ, ನಿಂತ್ಕೋ. ಅಭ್ಯಾಸ ಮಾಡಿಸ್ತೀನಿ" ಎಂದೆ. ನಾನು ಎಂಥ ಕೋಚ್ ನೋಡಿ. ಬಟ್ಟೆ ಒಣಗಿಸುವ ಎರಡು ಕಂಬಗಳ ನಡುವೆ ಅವಳನ್ನು ನಿಲ್ಲಿಸಿ, ಒದ್ದೆ ಕಾಲುಚೀಲ ಉಂಡೆ ಕಟ್ಟಿ ಎಸೆಯತೊಡಗಿದೆ. ಹಿಡಿದಳು. ಬೈದೆ. ಇನ್ನೊಂದು ಎಸೆದೆ. ಹಿಡಿದಳು. ಕಣ್ಣು ಮುಚ್ಚು ಎಂದೆ. ಕಣ್ಣು ಮುಚ್ಚಿಯೂ ಒಂದು ಹಿಡಿದಳು, ಹಿಡಿದು ನಕ್ಕಳು. ಬಕೆಟ್ ಖಾಲಿಯಾಯಿತು. ಅಡಿಗೆಯಕ್ಕ ಬಾಗಿಲಲ್ಲಿ ಕೂತು ನೋಡುತ್ತಿದ್ದಳು.

"ಏನೇ ನಿಂದು? ಮೀನಿಗೆ ಈಜು ಮರೆಸೋಕೆ ಹೊರಟಿದೀಯಲ್ಲ" ಎಂದಳು.

"ನೀನು ಸುಮ್ನಿರಕ್ಕ. ನಾಳೆ ಇವಳ ಹಣೆಬರಹ ಇದೆ."

ರೇಗಿ ಹೋಗಿತ್ತು ನನಗೆ. ಅವಳ ಮೇಲೆ, ಕಾಲುಚೀಲದ ಮೇಲೆ, ಇಟ್ಟಿಗೆಯ ಮೇಲೆ ನಿಂತು ಮಾತಾಡಿ ಹೋದವನ ಮೇಲೆ. ಆಗ ನನ್ನ ಬಾಯಲ್ಲಿ ಆ ಮಾತು ಬಂತು. ಅವಳು ಚಿಕ್ಕವಳಿದ್ದಾಗ ನನ್ನ ಜೊತೆ ಮನೆಮನೆಗೆ ಬಟ್ಟೆ ಒಗೆಯಲು ಬರುತ್ತಿದ್ದಳು. ಹೊಸಿಲಾಚೆ ಗೊಂಬೆ, ಗಾಜಿನ ಲೋಟ, ಹಣ್ಣಿನ ತಟ್ಟೆ ಇರುತ್ತಿದ್ದವು. ಮುಟ್ಟಬೇಡ, ಅವರದು, ಮುಟ್ಟಿದರೆ ನನಗೆ ಕೆಲಸ ಹೋಗುತ್ತೆ ಎಂದು ಪ್ರತಿ ಮನೆಯಲ್ಲೂ ಕೈಗೆ ಹೊಡೆದು ಹೇಳುತ್ತಿದ್ದೆ.

"ಚೆಂಡು ಅಂದ್ಕೋಬೇಡ. ಅವರ ಮನೆ ಸಾಮಾನು ಅಂದ್ಕೋ. ಮುಟ್ಟಬಾರದು."

ಎಸೆದೆ. ಅವಳು ಹಾರಿದಳು. ಕೈ ಚಾಚಿತು. ಚಾಚಿದ ಕೈ ಒಂದು ಬೆರಳಷ್ಟು ಹಿಂದೆಯೇ ನಿಂತಿತು. ಕಾಲುಚೀಲ ಪಕ್ಕದಲ್ಲೇ ಹಾದು ನೆಲಕ್ಕೆ ಬಿತ್ತು.

ಇನ್ನೊಂದು ಎಸೆದೆ. ಹಾಗೇ. ಮತ್ತೊಂದು. ಹಾಗೇ. ಯಾರು ನೋಡಿದರೂ, ಪಾಪ, ಸ್ವಲ್ಪದರಲ್ಲಿ ತಪ್ಪಿತು ಎನ್ನಬೇಕು. ಅಷ್ಟು ಚೆನ್ನಾಗಿ ಬಂತು. ಯಾವ ಕೋಚೂ ಕಲಿಸದಿದ್ದನ್ನು ಅವಳು ಮೊದಲೇ ಕಲಿತುಕೊಂಡಿದ್ದಳು. ಕಲಿಸಿದವಳು ನಾನು.

ಅವಳು ನಗಲಿಲ್ಲ. ನೆಲದ ಮೇಲಿನ ಕಾಲುಚೀಲ ಹೆಕ್ಕಿ ಮತ್ತೆ ನೀರಿಗೆ ಹಾಕಿದಳು. ಅಡಿಗೆಯಕ್ಕ ಎದ್ದು ಒಳಗೆ ಹೋದಳು.

ಮರುದಿನ ಮೈದಾನದ ಅಂಚಿಗೆ ಶಾಮಿಯಾನ ಹಾಕಿದ್ದರು, ಅದರ ಕೆಳಗೆ ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು. ತಂದೆತಾಯಂದಿರು ಫೋನು ಎತ್ತಿ ಹಿಡಿದು ಕೂತಿದ್ದರು. ದೊಡ್ಡ ಕೋಚ್ ಕೈಯಲ್ಲಿ ಮೈಕು. ಮಕ್ಕಳು ಒಬ್ಬೊಬ್ಬರಾಗಿ ಬಂದು ಚೆಂಡು ಇಟ್ಟು ಹೊಡೆದರು. ನನ್ನ ಮಗಳು ಹಾರಿದಳು, ಬಿದ್ದಳು. ಪ್ರತಿ ಸಲವೂ ಕೈ ಒಂದು ಬೆರಳು ಹಿಂದೆ. ಚೆಂಡು ಬಲೆಗೆ ಬಡಿದಾಗಲೆಲ್ಲ ಚಪ್ಪಾಳೆ. ನಾನು ಬಲೆಯ ಹಿಂದೆ ನಿಂತಿದ್ದೆ. ಚೆಂಡು ಹೆಕ್ಕಿ ಕೊಡುವ ಕೆಲಸ ಅವತ್ತು ನನ್ನದು. ಅವಳ ಸೊಂಟ ನೆಲಕ್ಕೆ ಅಪ್ಪಳಿಸುವ ಸದ್ದು ನನಗೆ ಕೇಳುತ್ತಿತ್ತು. ಬಿಡುವುದಕ್ಕೂ ಅಷ್ಟೇ ಜೋರಾಗಿ ಬೀಳಬೇಕಿತ್ತು.

"ಇದೇನು ಕೀಪರೋ, ಜರಡಿಯೋ?" ಎಂದ ಮುಂದಿನ ಸಾಲಿನ ಒಬ್ಬ. ಕುರ್ಚಿಗಳೆಲ್ಲ ನಕ್ಕವು. ದೊಡ್ಡ ಕೋಚ್ ಕೂಡ ನಕ್ಕರು, ಮೈಕಿನಲ್ಲಿ.

ಕುದುರೆಬಾಲದವಳು ಹೊಡೆದ ಚೆಂಡೂ ಒಳಗೆ ಹೋಯಿತು. ಅವಳು ಕುಣಿಯಲಿಲ್ಲ. ಹತ್ತಿರ ಬಂದು ಹುಬ್ಬು ಗಂಟಿಕ್ಕಿ ಕೇಳಿದಳು: "ಯಾಕೆ ಹಿಡೀಲಿಲ್ಲ? ಹುಷಾರಿಲ್ವಾ?" ನನ್ನ ಮಗಳು ಬಲೆಯ ಕಡೆ ತಿರುಗಿ ಕೈಗವಸಿನ ಮಣ್ಣು ಕೊಡವಿಕೊಂಡಳು.

ಆಮೇಲೆ ಆಯ್ಕೆ. ದೊಡ್ಡ ಕೋಚ್ ಒಬ್ಬೊಬ್ಬರ ಹೆಸರು ಕೂಗಿದರು, ಹೂಗುಚ್ಛ ಕೊಟ್ಟರು. ಕುದುರೆಬಾಲದವಳ ಹೆಸರು ಬಂತು. ಕೊನೆಗೆ ಗೋಲಿನ ಜಾಗ ಉಳಿಯಿತು.

"ಗೋಲ್‌ಕೀಪರ್ ಸ್ಥಾನಕ್ಕೆ ನಮ್ಮ ಕೆಲಸದವರ ಮಗಳನ್ನೂ ಪರಿಗಣಿಸಿದ್ವಿ. ನಮ್ಮಲ್ಲಿ ಮೇಲು ಕೀಳು ಇಲ್ಲ" ಎಂದರು. ಚಪ್ಪಾಳೆ. "ಆದರೆ ಪ್ರತಿಭೆಗೇ ಬೆಲೆ ಅಲ್ವಾ? ಇವತ್ತು ನೀವೇ ಕಣ್ಣಾರೆ ನೋಡಿದ್ರಿ, ಎಷ್ಟು ಗೋಲು ಬಿಟ್ಳು ಅಂತ. ಹಾಗಾಗಿ ಎತ್ತರ, ಶಕ್ತಿ ಎಲ್ಲಾ ನೋಡಿ ಈ ಸ್ಥಾನ ಇವರಿಗೆ ಕೊಡ್ತಿದೀವಿ." ಗುತ್ತಿಗೆದಾರರ ಮಗಳು ಎದ್ದು ಬಂದಳು. ಗೋಲಿನಲ್ಲಿ ಅವಳು ಒಂದು ದಿನವೂ ನಿಂತವಳಲ್ಲ. ಅವಳ ಅಪ್ಪ ಕಾಲೇಜಿನ ಹೊಸ ಗ್ಯಾಲರಿ ಕಟ್ಟಿಸುತ್ತಿದ್ದ. ಪಾಪ, ಆ ಹುಡುಗಿಗೇ ಅರ್ಥವಾಗಿರಲಿಲ್ಲ. "ನಾನು ಕೀಪರಾ?" ಎಂದು ಅಪ್ಪನ ಕಡೆ ನೋಡಿದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇದು ಹಾಗಲ್ಲ. ಉಗಿ ಎಂದು ಹೇಳಿ ಉಗಿಸಿದರು. ಉಗಿದದ್ದಕ್ಕೆ ಊಟವಿಲ್ಲ ಎಂದರು.

ಮಗಳನ್ನು ಕರೆದು ಒಂದು ನೀರಿನ ಬಾಟಲಿ ಕೊಟ್ಟರು, ಪ್ರೋತ್ಸಾಹಕ್ಕೆ. ಶಿಬಿರ ಪೂರ್ತಿ ಒಂದು ಸೀಟಿಗೂ ಅವಳಿಗೆ ನೀರು ಕುಡಿಯಲು ಬಿಡುವಿರಲಿಲ್ಲ. ಈಗ ಬಾಟಲಿ. ಅವಳು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡಳು. ಮೇಜಿನ ಮೇಲೆ ವಾಪಸು ಇಟ್ಟಳು. ತಿರುಗಿ ಮೈದಾನಕ್ಕೆ ನಡೆದಳು. ಗೋಲಿನ ನಡುವೆ ನಿಂತು, ಹಲ್ಲಿನಿಂದ ಕೈಗವಸಿನ ಪಟ್ಟಿ ಬಿಗಿ ಮಾಡಿಕೊಂಡಳು.

"ಹೊಡೀರಿ" ಎಂದಳು.

ಯಾರೂ ಅಲುಗಲಿಲ್ಲ.

"ಈಗ ಹೊಡೀರಿ. ಎಲ್ಲರೂ ಬನ್ನಿ."

"ಕಾರ್ಯಕ್ರಮ ಮುಗೀತಮ್ಮ" ಎಂದರು ದೊಡ್ಡ ಕೋಚ್, ನಗುತ್ತಲೇ. "ಊಟಕ್ಕೆ ಹೊತ್ತಾಯ್ತು." ನನ್ನ ಕಡೆ ನೋಡಿದರು. ನಗು ಇರಲಿಲ್ಲ. "ಬಲೆ ಬಿಚ್ಚು."

ಹೇಳಿಸಿಕೊಳ್ಳದೆ ಬಿಚ್ಚುತ್ತಿದ್ದವಳು ನಾನು. ಕೈ ತಾನೇ ಗಂಟಿನ ಮೇಲೆ ಹೋಯಿತು. ಹೋದ ಕೈಯನ್ನು ಹಿಂದೆ ತೆಗೆದೆ.

"ಬಿಚ್ಚಲ್ಲ ಸರ್."

"ಏನಂದೆ?"

"ಬಿಚ್ಚಲ್ಲ ಅಂದೆ. ಬಿಡು ಅಂತ ಹೇಳಿಸಿದ್ದು ನೀವು. ಬಿಟ್ಲು. ಬಿಟ್ಟಿದ್ದಕ್ಕೆ ಆಟ ಬರಲ್ಲ ಅಂದ್ರಿ. ಈಗ ಹಿಡೀತೀನಿ ಅಂತಿದಾಳೆ, ನೋಡಿ. ನೋಡ್ತೀನಿ ಅಂದಿದ್ರಲ್ಲ."

ಶಾಮಿಯಾನದ ಕೆಳಗೆ ಗುಸುಗುಸು. ನಾನು ಸಣ್ಣ ಕೋಚನ್ನು ಹುಡುಕಿದೆ. ಹೂಗುಚ್ಛದ ಬುಟ್ಟಿಯ ಹಿಂದೆ ನಿಂತಿದ್ದ.

"ಸರ್, ನಿನ್ನೆ ಕಲ್ಲಿನ ಹತ್ರ ಬಂದು ಹೇಳಿದ್ದು ನೀವೇ ತಾನೇ? ಹೇಳಿ ಇವರಿಗೆ."

ಅವನು ಕೊರಳಿನ ಸೀಟಿಯ ದಾರ ಸರಿಮಾಡಿಕೊಂಡ. ಸೀಟಿ ಸರಿಯಾಗಿಯೇ ಇತ್ತು.

"ಏನೋ ತಪ್ಪು ತಿಳ್ಕೊಂಡಿದಾಳೆ" ಎಂದರು ದೊಡ್ಡ ಕೋಚ್ ಮೈಕಿನಲ್ಲಿ. "ಆಯ್ತು, ಅವಳ ಸಮಾಧಾನಕ್ಕೆ ಒಂದೇ ಒಂದು." ಕುದುರೆಬಾಲದವಳನ್ನು ಕರೆದರು. "ಹೋಗಮ್ಮ, ಒಂದು ಹೊಡೆದು ಬಾ."

ಅವಳು ಹೂಗುಚ್ಛ ಹಿಡಿದುಕೊಂಡೇ ನಿಂತಳು. ಗೋಲಿನ ಕಡೆ ನೋಡಿದಳು. ಅವಳ ಅಪ್ಪ ಫೋನು ಎತ್ತಿ ಹಿಡಿದಿದ್ದ.

"ಬೇಡ ಸರ್" ಎಂದಳು.

"ಯಾಕೆ?"

"ಅವಳು ಹಿಡೀತಾಳೆ."

ಮೈಕು ಹತ್ತಿರವೇ ಇತ್ತು. ಎಲ್ಲರಿಗೂ ಕೇಳಿಸಿತು. ಅವಳ ಅಪ್ಪ ಫೋನು ಕೆಳಗಿಳಿಸಿದ. ದೊಡ್ಡ ಕೋಚ್ ಮೈಕು ಆರಿಸಿ, ಬನ್ನಿ ಬನ್ನಿ, ಊಟ ಆರಿಹೋಗುತ್ತೆ ಎಂದು ಕೈ ಬೀಸಿದರು. ಕುರ್ಚಿಗಳು ಹಿಂದೆ ಸರಿದವು. ಎಲ್ಲರೂ ಎದ್ದರು. ಒಬ್ಬರೂ ಏನೂ ಕೇಳಲಿಲ್ಲ. ಕೇಳುತ್ತಾರೆ ಎಂದು ಒಂದು ಗಳಿಗೆ ನಂಬಿದ್ದೆ. ಸತ್ಯ ಕಿವಿಗೆ ಬಿದ್ದಮೇಲೂ ಹಸಿವು ಹಸಿವೇ. ಕುದುರೆಬಾಲದವಳು ಎರಡು ಸಲ ತಿರುಗಿ ನೋಡಿದಳು. ಅವಳ ಅಪ್ಪ ತೋಳು ಹಿಡಿದು ಕರೆದುಕೊಂಡು ಹೋದ.

ಸಣ್ಣ ಕೋಚ್ ಹಿಂದೆ ಉಳಿದ. "ಅಮ್ಮಾ, ಈಗಲೂ ಬಲೆ ಬಿಚ್ಚಿ ಒಳಗಿಟ್ಟು ಹೋಗಿ. ನಾನು ಮಾತಾಡ್ತೀನಿ. ಇಲ್ಲಾಂದ್ರೆ ನಾಳೆಯಿಂದ ನಿಮಗೆ ಕೆಲಸ ಇರಲ್ಲ."

"ನಾಳೆ ಬೆರಳು ಒತ್ತೋದೊಂದು ತಪ್ಪಿತು" ಎಂದೆ. "ಹೇಗೂ ನಿಮ್ಮ ಯಂತ್ರಕ್ಕೆ ನನ್ನ ಗುರುತಿರಲಿಲ್ಲ."

ಅವನೂ ಹೋದ.

ಮೈದಾನದಲ್ಲಿ ನಾವಿಬ್ಬರು, ಅಲ್ಲಲ್ಲಿ ಬಿದ್ದ ಚೆಂಡುಗಳು. ಅವಳು ಗೋಲಿನಲ್ಲಿ ಇನ್ನೂ ಮೊಣಕಾಲು ಬಗ್ಗಿಸಿಕೊಂಡೇ ನಿಂತಿದ್ದಳು. ಬಾ ಮನೆಗೆ ಹೋಗೋಣ ಎನ್ನಬೇಕಿತ್ತು.

ನಾನು ಜನ್ಮದಲ್ಲಿ ಚೆಂಡು ಒದ್ದವಳಲ್ಲ. ಚಪ್ಪಲಿ ಬಿಟ್ಟೆ. ಒಂದು ಚೆಂಡು ತಂದು, ಮಕ್ಕಳು ಇಡುತ್ತಿದ್ದ ಜಾಗದಲ್ಲೇ ಇಟ್ಟೆ. ಓಡಿ ಬಂದು ಒದ್ದೆ. ಹೆಬ್ಬೆರಳು ನೋವಿಗೆ ಜೀವ ಹೋದ ಹಾಗಾಯಿತು. ಚೆಂಡು ಗೋಲಿನ ದಿಕ್ಕಿಗೇ ಹೋಗಲಿಲ್ಲ.

"ಅಮ್ಮಾ, ಇಲ್ಲಿಗೆ" ಎಂದಳು, ಎದೆ ತಟ್ಟಿಕೊಂಡು.

ಇನ್ನೊಂದು ಇಟ್ಟೆ. ಊಟದ ಮನೆಯ ಕಡೆಯಿಂದ ತಟ್ಟೆಗಳ ಸದ್ದು ಬರುತ್ತಿತ್ತು. ಅಡಿಗೆಯಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತಿದ್ದಳು. ಒಗೆಯದ ಬಟ್ಟೆಯ ರಾಶಿ ಕಲ್ಲಿನ ಪಕ್ಕ ಹಾಗೇ ಬಿದ್ದಿತ್ತು.

"ಇದು ಯಾರ ಮನೇದೂ ಅಲ್ಲ" ಎಂದೆ. "ಮುಟ್ಟು."

ಒದ್ದೆ. ಈ ಸಲ ಅದು ನೆಲಕ್ಕೆ ತಾಗಿಕೊಂಡು ಮೂಲೆಯ ಕಡೆ ಉರುಳಿತು. ಮೂರು ವರ್ಷದ ಮಗುವೂ ತಡೆಯಬಹುದಾದ ಚೆಂಡು. ಅವಳು ನೋವಿದ್ದ ಸೊಂಟದ ಮೇಲೇ ಬಿದ್ದು, ಎರಡೂ ಕೈಯಲ್ಲಿ ಬಾಚಿ ಎದೆಗೆ ಅವುಚಿಕೊಂಡಳು. ಸ್ವಲ್ಪ ಹೊತ್ತು ಹಾಗೇ ಮಣ್ಣಿನಲ್ಲಿ ಮಲಗಿದ್ದಳು. ಆಮೇಲೆ ಎದ್ದು, ಮುಖ ತೋಳಿಗೆ ಒರೆಸಿಕೊಂಡು, ಚೆಂಡನ್ನು ನನ್ನ ಕಡೆಗೆ ಉರುಳಿಸಿದಳು.

"ಇನ್ನೊಂದು ಹೊಡಿಯಮ್ಮ" ಎಂದಳು. "ಜೋರಾಗಿ."